ಬೀಜದಿಂದ ಲೀಕ್: ಬೆಂಗಳೂರಿನ ಹಿತ್ತಲಿನಲ್ಲಿ ಆರು ತಿಂಗಳ ಬೆಳೆ

ಲೀಕ್ ಈರುಳ್ಳಿ, ಬೆಳ್ಳುಳ್ಳಿಗಳ ಬಳಗಕ್ಕೆ ಸೇರಿದ ತರಕಾರಿ. ಆದರೆ ಅದು ಈರುಳ್ಳಿಯಂತೆ ಗೆಡ್ಡೆ ಕಟ್ಟುವುದಿಲ್ಲ. ನಾವು ಅಡುಗೆಗೆ ಬಳಸುವುದು ಬುಡದಲ್ಲಿ ನೆಟ್ಟಗೆ ನಿಂತಿರುವ, ದಂಟಿನಂತೆ ಕಾಣುವ ಬಿಳಿಯ ಭಾಗವನ್ನು. ನೋಡಲು ದಂಟಿನಂತಿದ್ದರೂ ಅದು ದಂಟಲ್ಲ. ಬಾಳೆಯ ಕಂಬ ಹೇಗೆ ಪಟ್ಟೆಯ ಮೇಲೆ ಪಟ್ಟೆ ಸುತ್ತಿಕೊಂಡು ಆಗಿದೆಯೋ ಹಾಗೆಯೇ ಒಂದರೊಳಗೊಂದು ಬಿಗಿಯಾಗಿ ಅಡಗಿದ ಎಲೆಗಳ ಬುಡ. ಬೆಳಕು ತಾಗದ ಕಡೆ ಅದು ಬಿಳಿಯಾಗಿ, ಮೆತ್ತಗೆ, ಸಿಹಿಯಾಗಿ ಉಳಿಯುತ್ತದೆ. ಬೆಳಕು ತಾಗಿದ ಕಡೆ ಹಸಿರಾಗಿ ನಾರಾಗುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕೆಲಸಗಳಿಗೆಲ್ಲ ಕಾರಣ ತಾನಾಗಿಯೇ ತಿಳಿಯುತ್ತದೆ. ಬಿಳಿಯ ಭಾಗದ ಉದ್ದವನ್ನು ನಿರ್ಧರಿಸುವುದು ಗೊಬ್ಬರವಲ್ಲ. ಸಸಿಯನ್ನು ಎಷ್ಟು ಆಳಕ್ಕೆ ಇಳಿಸಿದೆವು, ಆಮೇಲೆ ಎಷ್ಟು ಎತ್ತರಕ್ಕೆ ಮಣ್ಣು ಏರಿಸಿದೆವು ಎಂಬುದು.

ಇದು ತಂಪು ಹವೆಯ ಬೆಳೆ. ಹಗಲಿನ ಉಷ್ಣತೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಚೆನ್ನಾಗಿ ಬೆಳೆಯುತ್ತದೆ, 30 ಡಿಗ್ರಿ ದಾಟಿದರೆ ಸೊರಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ನವೆಂಬರಿನಿಂದ ಫೆಬ್ರವರಿಯ ಮಧ್ಯದವರೆಗೆ ಇಲ್ಲಿನ ಹವೆ ಲೀಕ್‌ಗೆ ಒಪ್ಪುವಂತಿರುತ್ತದೆ. ಹಾಗಾಗಿ ಗಿಡ ತನ್ನ ಮುಖ್ಯ ಬೆಳವಣಿಗೆಯನ್ನು ಈ ಮೂರೂವರೆ ತಿಂಗಳಿನಲ್ಲಿ ಮುಗಿಸುವಂತೆ ಲೆಕ್ಕ ಹಾಕಿ, ಆಗಸ್ಟ್ ಮಧ್ಯದಲ್ಲಿ ಬೀಜ ಬಿತ್ತಿ, ಅಕ್ಟೋಬರ್ ಕೊನೆಯ ವಾರದ ಹೊತ್ತಿಗೆ ಸಸಿ ನಾಟಿ ಮಾಡಬೇಕು. ಧಾರವಾಡ, ಬೆಳಗಾವಿಗಳ ಕಡೆಗೂ ಇದೇ ಲೆಕ್ಕ ಹೊಂದುತ್ತದೆ. ಕೊಡಗು, ಚಿಕ್ಕಮಗಳೂರುಗಳಂತಹ ಜಡಿಮಳೆಯ ಊರುಗಳಲ್ಲಿ ಬಿತ್ತನೆಯನ್ನು ಸೆಪ್ಟೆಂಬರಿಗೆ ತಳ್ಳುವುದು ಒಳ್ಳೆಯದು. ಕರಾವಳಿಯವರಿಗೆ ನಾನು ಈ ಬೆಳೆಯನ್ನು ಶಿಫಾರಸು ಮಾಡಲಾರೆ. ಅಲ್ಲಿನ ಚಳಿಗಾಲದ ಹಗಲೂ ಇದಕ್ಕೆ ಹೆಚ್ಚು ಬಿಸಿ. ಇಂಗ್ಲೆಂಡಿನಂತಹ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಈ ಕ್ಯಾಲೆಂಡರ್ ಪೂರ್ತಿ ಬೇರೆ: ಅಲ್ಲಿ ಮಾರ್ಚ್–ಏಪ್ರಿಲ್‌ನಲ್ಲಿ ಬಿತ್ತಿ, ಜೂನ್ ವೇಳೆಗೆ ನೆಟ್ಟು, ಶರತ್ಕಾಲದಿಂದ ಚಳಿಗಾಲದುದ್ದಕ್ಕೂ ಬೇಕಾದಾಗ ಬೇಕಾದಷ್ಟು ಕಿತ್ತುಕೊಳ್ಳುತ್ತಾರೆ. ಹಿಮ ಬಿದ್ದರೂ ಗಿಡ ತಡೆದುಕೊಂಡು ನಿಲ್ಲುತ್ತದೆ. ವೇಲ್ಸ್ ದೇಶದ ಜನ ಅದನ್ನು ತಮ್ಮ ನಾಡಿನ ಲಾಂಛನವಾಗಿ ಇಟ್ಟುಕೊಂಡಿದ್ದಾರೆಂದರೆ ಆ ನೆಲಕ್ಕೂ ಅದಕ್ಕೂ ಇರುವ ನಂಟನ್ನು ಊಹಿಸಬಹುದು.

ಮೊದಲು ಬೀಜದ ಮಾತು. ಲೀಕ್ ಬೀಜ ಈರುಳ್ಳಿ ಬೀಜದಂತೆಯೇ ಕಪ್ಪಗೆ, ಮೂಲೆಮೂಲೆಯಾಗಿ, ಸುಕ್ಕುಗಟ್ಟಿದಂತೆ ಇರುತ್ತದೆ. ಒಂದು ಗ್ರಾಂನಲ್ಲಿ ಮುನ್ನೂರಕ್ಕೂ ಹೆಚ್ಚು ಬೀಜಗಳು ಬರುತ್ತವೆ. ಇಷ್ಟು ಚಿಕ್ಕ ಬೀಜದ ಜೀವ ಬಹಳ ದಿನ ನಿಲ್ಲುವುದಿಲ್ಲ. ಟೊಮೆಟೊ ಬೀಜವನ್ನು ನಾಲ್ಕು ವರ್ಷ ಇಟ್ಟು ಬಿತ್ತಿದರೂ ಮೊಳೆಯಬಹುದು, ಆದರೆ ಈರುಳ್ಳಿ ಬಳಗದ ಬೀಜ ನಮ್ಮ ಮಳೆಗಾಲದ ತೇವ ಮತ್ತು ಬೇಸಿಗೆಯ ಕಾವಿನಲ್ಲಿ ಒಂದೇ ವರ್ಷದಲ್ಲಿ ಬಲಗುಂದುತ್ತದೆ. ನನ್ನ ಮೊದಲ ವರ್ಷದ ಪ್ರಯತ್ನ ಕೆಟ್ಟಿದ್ದು ಇಲ್ಲಿಯೇ. ಅಂಗಡಿಯಿಂದ ತಂದ ಪೊಟ್ಟಣದ ಹಿಂಬದಿಯಲ್ಲಿದ್ದ ದಿನಾಂಕವನ್ನು ನಾನು ನೋಡಲಿಲ್ಲ. ನೂರು ಬೀಜ ಬಿತ್ತಿ ಮೂರು ವಾರ ಕಾದ ಮೇಲೆ ಏಳು ಸಸಿಗಳು ಎದ್ದವು. ಮಣ್ಣನ್ನು, ನೀರನ್ನು, ಇರುವೆಯನ್ನು ಎಲ್ಲವನ್ನೂ ಅನುಮಾನಿಸಿದ ಮೇಲೆ ಪೊಟ್ಟಣ ತಿರುಗಿಸಿ ನೋಡಿದರೆ, ಅದರ ಅವಧಿ ಹಿಂದಿನ ವರ್ಷವೇ ಮುಗಿದಿತ್ತು. ಆದುದರಿಂದ ಪರೀಕ್ಷೆ ಮಾಡಿದ ತಾರೀಖು, ಬಳಕೆಯ ಕೊನೆಯ ತಾರೀಖು ಎರಡನ್ನೂ ಓದಿ, ಅದೇ ವರ್ಷದ ಬೀಜವನ್ನೇ ಕೊಳ್ಳಿ. ಅನುಮಾನವಿದ್ದರೆ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಎರಡು ವಾರದೊಳಗೆ ಏಳಾದರೂ ಮೊಳೆತರೆ ಆ ಬೀಜವನ್ನು ನಂಬಬಹುದು.

ತಳಿಗಳಲ್ಲಿ ನಮ್ಮ ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ಅಮೆರಿಕನ್ ಫ್ಲ್ಯಾಗ್ ಮತ್ತು ಲಂಡನ್ ಫ್ಲ್ಯಾಗ್. ಹಿಮಾಚಲ ಪ್ರದೇಶದ ಪಾಲಂಪುರದ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಪಾಲಂ ಪೌಷ್ಟಿಕ್ ಎಂಬ ತಳಿಯೂ ಇದೆ. ಹೊರಗಿನಿಂದ ತರಿಸುವವರು ಕಿಂಗ್ ರಿಚರ್ಡ್‌ನಂತಹ ಬೇಗ ಬರುವ, ತೆಳ್ಳಗೆ ಉದ್ದವಾಗುವ ತಳಿಯನ್ನು ಆರಿಸಿಕೊಳ್ಳಬೇಕು. ಸ್ಕಾಟ್ಲೆಂಡಿನ ಮಸಲ್‌ಬರ್ಗ್‌ನಂತಹ ತಳಿಗಳು ಹೆಸರುವಾಸಿಯೇನೋ ಹೌದು. ಆದರೆ ಅವು ದೀರ್ಘ ಚಳಿಗಾಲಕ್ಕೆ ಹೊಂದಿಕೊಂಡು ನಿಧಾನವಾಗಿ ದಪ್ಪವಾಗುವಂಥವು. ಅಷ್ಟು ತಾಳ್ಮೆ ನಮ್ಮ ಚಳಿಗಾಲಕ್ಕಿಲ್ಲ.

ಸಸಿ ಬೆಳೆಸಲು ಪ್ರೋಟ್ರೇಗಿಂತ, ಅಂದರೆ ಸಾಲುಸಾಲಾಗಿ ಚಿಕ್ಕ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗಿಂತ, ಆಳವಾದ ಪೆಟ್ಟಿಗೆಯೇ ಮೇಲು ಎಂಬುದು ನನ್ನ ಅನುಭವ. ಟೊಮೆಟೊ, ಎಲೆಕೋಸುಗಳ ಸಸಿ ನಾಲ್ಕು ವಾರದಲ್ಲಿ ನಾಟಿಗೆ ಬರುತ್ತದೆ. ಲೀಕ್ ಸಸಿ ಒಟ್ಲಿನಲ್ಲಿ ಒಂಬತ್ತು, ಹತ್ತು ವಾರ ಇರಬೇಕು. ಅಷ್ಟು ದಿನ ಪ್ರೋಟ್ರೇಯ ಚಿಕ್ಕ ಗುಳಿಯಲ್ಲಿ ಬೇರಿಗೆ ಜಾಗ ಸಾಲದು. ಆರು ಅಂಗುಲ ಆಳದ ಹಳೆಯ ಹಣ್ಣಿನ ಕ್ರೇಟು ಅಥವಾ ತಳದಲ್ಲಿ ತೂತು ಮಾಡಿದ ಥರ್ಮಾಕೋಲ್ ಪೆಟ್ಟಿಗೆ ಸಾಕು. ಅದರಲ್ಲಿ ಜರಡಿ ಹಿಡಿದ ಕೆಂಪು ಮಣ್ಣು, ನೆನೆಸಿ ಹಿಂಡಿದ ಕೊಕೊಪೀಟ್, ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ ಇವನ್ನು ಸಮಪಾಲಿನಲ್ಲಿ ಬೆರೆಸಿ ತುಂಬಿ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಮತ್ತು ರೋಗದ ಬೂಷ್ಟನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾದ ಪುಡಿ ಒಂದು ಚಮಚ ಸೇರಿಸಿ. ಮಳೆಗಾಲದ ಒಟ್ಲಿನಲ್ಲಿ ಸಸಿಯ ಕುತ್ತಿಗೆ ಕೊಳೆತು ಒರಗಿಬಿಡುವ ರೋಗ ಸಾಮಾನ್ಯವಾದ್ದರಿಂದ ಈ ಮುನ್ನೆಚ್ಚರಿಕೆಯನ್ನು ಬಿಡಬಾರದು.

ಮಣ್ಣನ್ನು ಅಂಗೈಯಿಂದ ಮೆತ್ತಗೆ ಒತ್ತಿ ಸಮ ಮಾಡಿ, ಮೂರು ಬೆರಳಿನ ಅಂತರದಲ್ಲಿ ಒಂದು ಸೆಂಟಿಮೀಟರ್ ಆಳದ ಗೆರೆಗಳನ್ನು ಎಳೆದು, ಗೆರೆಯಲ್ಲಿ ಬೀಜದಿಂದ ಬೀಜಕ್ಕೆ ಅರ್ಧ ಬೆರಳಿನಷ್ಟು ಬಿಟ್ಟು ಬಿತ್ತಿ. ತೀರ ಒತ್ತೊತ್ತಾಗಿ ಚೆಲ್ಲಿದರೆ ಸಸಿ ಕೂದಲೆಳೆಯಂತೆ ಸಣ್ಣಗಾಗುತ್ತದೆ, ಆಮೇಲೆ ಕೀಳುವಾಗ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಒಂದು ಪಾತಿಗೆ ನಲವತ್ತು ಗಿಡ ಬೇಕಾಗುತ್ತದೆ. ಅದಕ್ಕೆ ಎಂಬತ್ತು ಬೀಜ ಬಿತ್ತಿದರೆ ಬಡಕಲು ಸಸಿಗಳನ್ನು ತೆಗೆದುಹಾಕುವ ಸ್ವಾತಂತ್ರ್ಯ ಇರುತ್ತದೆ. ಬೀಜದ ಮೇಲೆ ತೆಳುವಾಗಿ ಅದೇ ಮಿಶ್ರಣ ಉದುರಿಸಿ, ರೋಸ್ ಕ್ಯಾನ್‌ನಿಂದ ನೀರು ಚಿಮುಕಿಸಿ, ಮೇಲೊಂದು ಒದ್ದೆ ಗೋಣಿತಾಟು ಹೊದಿಸಿ. ಐದನೆಯ ದಿನದಿಂದ ದಿನವೂ ಬೆಳಿಗ್ಗೆ ತಾಟನ್ನು ಎತ್ತಿ ನೋಡಬೇಕು, ಏಕೆಂದರೆ ಮೊದಲ ಮೊಳಕೆ ಕಂಡ ದಿನವೇ ಅದನ್ನು ತೆಗೆಯದಿದ್ದರೆ ಸಸಿ ಬಿಳಿಚಿಕೊಂಡು ತಾಟಿನ ನೂಲಿಗೆ ಸಿಕ್ಕಿಕೊಳ್ಳುತ್ತದೆ.

ಲೀಕ್ ಮೊಳೆಯುವ ಬಗೆ ಗಮನಿಸುವಂಥದ್ದು. ಹುರುಳಿಕಾಯಿಯಂತೆ ಎರಡು ದಳ ಬಿಚ್ಚಿಕೊಂಡು ಏಳುವುದಿಲ್ಲ. ಮೊದಲು ಮಣ್ಣಿನ ಮೇಲೆ ಕಾಣುವುದು ಸೂಜಿಯ ಕಣ್ಣಿನಂತೆ ಬಾಗಿದ ಒಂದು ಹಸಿರು ಕುಣಿಕೆ; ಅದರ ಒಂದು ಕೊನೆ ಬೇರಿನ ಕಡೆ, ಇನ್ನೊಂದು ಕೊನೆ ಇನ್ನೂ ಬೀಜದೊಳಗೆ. ಎರಡು ಮೂರು ದಿನದ ಮೇಲೆ ಕುಣಿಕೆ ಬಿಚ್ಚಿ ನೆಟ್ಟಗಾಗುತ್ತದೆ, ತುದಿಯಲ್ಲಿ ಬೀಜದ ಕರಿಯ ಸಿಪ್ಪೆ ಟೋಪಿಯಂತೆ ಕುಳಿತಿರುತ್ತದೆ. ಆ ಸಿಪ್ಪೆಯನ್ನು ಕೈಯಿಂದ ತೆಗೆಯಲು ಹೋಗಬೇಡಿ. ಜೊತೆಗೆ ತುದಿಯೂ ಕಿತ್ತು ಬರುತ್ತದೆ. ಈ ಹಂತದಲ್ಲಿ ಮೇಲ್ಮಣ್ಣು ಒಂದು ಮಧ್ಯಾಹ್ನ ಒಣಗಿದರೂ ಕುಣಿಕೆ ಅಲ್ಲೇ ಸುಟ್ಟುಹೋಗುತ್ತದೆ.

ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ರಾತ್ರಿ ಬಂದು ಹೊಡೆಯುವ ಮಳೆ ಈ ಎಳೆಯ ಸಸಿಗಳನ್ನು ಮಣ್ಣಿಗೆ ಮಲಗಿಸಿಬಿಡುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಬೆಳಗಿನ ಬಿಸಿಲು ಬೀಳುವ, ಆದರೆ ಸೂರಿನ ನೀರು ಸುರಿಯದ ಕಡೆ ಇಡಬೇಕು. ಬಸವನಹುಳುವಿನ ಕಾಟವೂ ಇದೇ ಕಾಲದಲ್ಲಿ ಹೆಚ್ಚು. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದಕ್ಕಿಂತ ಉತ್ತಮವಾದ ಉಪಾಯ ನನಗೆ ಸಿಕ್ಕಿಲ್ಲ. ಸಸಿಗೆ ಒಂದು ತಿಂಗಳಾದ ಮೇಲೆ ಹತ್ತು ದಿನಕ್ಕೊಮ್ಮೆ, ಹತ್ತು ಪಾಲು ನೀರಿಗೆ ಒಂದು ಪಾಲು ಗಂಜಲ ಬೆರೆಸಿ ಹಾಕಿ. ಗಂಜಲ ಸಿಗದ ಕಡೆ ಎರೆಹುಳು ಗೊಬ್ಬರವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಸೋಸಿದ ತಿಳಿಯೂ ಆಗುತ್ತದೆ.

ಸಸಿ ಬೆಳೆಯುವ ಹೊತ್ತಿನಲ್ಲೇ ಪಾತಿಯ ಕೆಲಸ ನಡೆಯಬೇಕು. ಲೀಕ್‌ಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು, ಒಂದಡಿ ಆಳದವರೆಗೆ ಸಡಿಲವಾದ ಮಣ್ಣು, ನೀರು ನಿಲ್ಲದ ಜಾಗ ಬೇಕು. ನಮ್ಮ ಕೆಂಪು ಮಣ್ಣು ಮಳೆ ನಿಂತ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದನ್ನು ಗುದ್ದಲಿಯಿಂದ ಆಳವಾಗಿ ಅಗೆದು, ಕಲ್ಲು ಹೆಂಟೆ ತೆಗೆದು, ಆ ಎರಡು ಮೀಟರ್ ಪಾತಿಗೆ ಎರಡು ಬುಟ್ಟಿ ತುಂಬ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಅರ್ಧ ಕಿಲೋ ಹೊಂಗೆ ಹಿಂಡಿ ಸೇರಿಸಿ, ನಾಟಿಗೆ ಎರಡು ವಾರ ಮೊದಲೇ ಬಿಡಬೇಕು. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಗೊಣ್ಣೆಹುಳುವೂ ಬರುತ್ತದೆ. ಮಳೆಗಾಲದಲ್ಲಿ ಹುರುಳಿಕಾಯಿಯೋ ಅಲಸಂದೆಯೋ ಬೆಳೆದ ಜಾಗ ಸಿಕ್ಕರೆ ಬಹಳ ಒಳ್ಳೆಯದು. ಹಿಂದಿನ ಎರಡು ಮೂರು ವರ್ಷಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೆಳೆದ ಜಾಗ ಮಾತ್ರ ಬೇಡ. ಅವುಗಳ ರೋಗ ಇದಕ್ಕೂ ಅಂಟುತ್ತದೆ.

ಇನ್ನು ನಾಟಿ. ಇಡೀ ಬೆಳೆಯಲ್ಲಿ ಅತ್ಯಂತ ಮುಖ್ಯವಾದ ದಿನ ಇದು, ನನಗೆ ಅತ್ಯಂತ ಪ್ರಿಯವಾದ ದಿನವೂ ಹೌದು. ಸಸಿ ಒಂದು ಗೇಣು ಎತ್ತರವಾಗಿ, ಬುಡ ಸೀಸದಕಡ್ಡಿಯಷ್ಟು ದಪ್ಪವಾದಾಗ ಅದು ಸಿದ್ಧ. ದಪ್ಪವಾಗುವುದಕ್ಕೆ ಮೊದಲೇ ಅವಸರಪಟ್ಟು ನೆಟ್ಟರೆ ಆಳದ ಗುಳಿಯಲ್ಲಿ ಸಸಿ ಮುಳುಗಿಹೋಗುತ್ತದೆ. ಹಿಂದಿನ ಸಂಜೆ ಪೆಟ್ಟಿಗೆಗೂ ಪಾತಿಗೂ ಚೆನ್ನಾಗಿ ನೀರು ಕೊಡಿ. ಮರುದಿನ ಬಿಸಿಲು ಇಳಿದ ಮೇಲೆ, ಸಸಿಗಳನ್ನು ಮಣ್ಣಿನ ಸಮೇತ ಎತ್ತಿ, ಒಂದು ಬಕೆಟ್ ನೀರಿನಲ್ಲಿ ಅದ್ದಿ ಅಲ್ಲಾಡಿಸಿದರೆ ಬೇರುಗಳು ಹರಿಯದೆ ಬಿಡಿಬಿಡಿಯಾಗುತ್ತವೆ. ಬೇರು ಮತ್ತು ಎಲೆಯ ತುದಿಗಳನ್ನು ಕತ್ತರಿಸಿ ನೆಡುವ ಹಳೆಯ ಪದ್ಧತಿಯೊಂದಿದೆ. ಗುಳಿಗೆ ಇಳಿಯದಷ್ಟು ಉದ್ದ ಬೇರಿದ್ದರೆ ತುದಿ ಕತ್ತರಿಸಬಹುದು. ಎಲೆ ಕತ್ತರಿಸುವುದರಿಂದ ನನಗೆ ಯಾವ ಲಾಭವೂ ಕಾಣಲಿಲ್ಲ, ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ಮುರಿದ ಗುದ್ದಲಿಯ ಕಾವು ಅಥವಾ ಅಷ್ಟೇ ದಪ್ಪದ, ತುದಿ ಕೆತ್ತಿದ ಒಂದು ಕೋಲನ್ನು ತೆಗೆದುಕೊಂಡು, ಅದರ ಮೇಲೆ ಆರು ಅಂಗುಲಕ್ಕೆ ಒಂದು ಗುರುತು ಹಾಕಿಕೊಳ್ಳಿ. ಸಾಲಿನಿಂದ ಸಾಲಿಗೆ ಒಂದಡಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ ಇರುವಂತೆ ಹಗ್ಗ ಎಳೆದು, ಕೋಲನ್ನು ಗುರುತಿನವರೆಗೆ ನೆಲಕ್ಕೆ ಒತ್ತಿ, ಸ್ವಲ್ಪ ತಿರುಗಿಸಿ ಹೊರಗೆಳೆದರೆ ಗೋಡೆ ಕುಸಿಯದ ಗುಂಡನೆಯ ಗುಳಿ ಆಗುತ್ತದೆ. ಒಂದೊಂದು ಗುಳಿಗೂ ಒಂದೊಂದು ಸಸಿಯನ್ನು, ಬೇರು ತಳ ಮುಟ್ಟುವಂತೆ, ನೇರವಾಗಿ ಇಳಿಬಿಡಿ. ಎಲೆಯ ತುದಿ ಎರಡು ಮೂರು ಅಂಗುಲ ಹೊರಗೆ ಕಾಣುತ್ತಿದ್ದರೆ ಸಾಕು. ಇಷ್ಟಾದ ಮೇಲೆ ಕೈ ತನ್ನಷ್ಟಕ್ಕೆ ಮಣ್ಣು ತುಂಬಲು ಹೋಗುತ್ತದೆ, ಅದನ್ನು ತಡೆಯಬೇಕು. ಗುಳಿಗೆ ಮಣ್ಣು ತುಂಬಬಾರದು, ನೀರು ತುಂಬಬೇಕು. ಚೊಂಬಿನಿಂದ ನಿಧಾನವಾಗಿ ಬಾಯಿಯವರೆಗೆ ನೀರು ಹಾಕಿದಾಗ, ಗುಳಿಯ ಗೋಡೆಯಿಂದ ಸ್ವಲ್ಪ ಮಣ್ಣು ಕರಗಿ ತಳಕ್ಕೆ ಇಳಿದು ಬೇರಿನ ಮೇಲೆ ಕೂರುತ್ತದೆ. ನೀರು ಇಂಗಿದ ಮೇಲೆ ಗುಳಿ ಹಾಗೆಯೇ ಅರ್ಧ ಖಾಲಿ ಉಳಿಯುತ್ತದೆ. ಬುಡ ದಪ್ಪವಾಗಲು ಬೇಕಾದ ಜಾಗ ಅದೇ. ಮುಂದಿನ ಕೆಲವು ವಾರಗಳಲ್ಲಿ ನೀರು ಹಾಯಿಸಿದಂತೆಲ್ಲ ಮಣ್ಣು ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿದು ಗುಳಿ ಮುಚ್ಚುತ್ತದೆ. ಆಳದ ಕತ್ತಲಲ್ಲಿ ನಿಂತ ಅಷ್ಟು ಭಾಗ ಮೊದಲ ದಿನದಿಂದಲೇ ಬಿಳಿಯಾಗಿ ಬೆಳೆಯುತ್ತದೆ.

ಮೊದಲ ವಾರ ಸಸಿಗಳು ಸೋತಂತೆ ಒರಗಿರುತ್ತವೆ. ಹತ್ತನೆಯ ದಿನದ ಹೊತ್ತಿಗೆ ನಡುವಿನಿಂದ ಹೊಸ ಎಲೆ ನೆಟ್ಟಗೆ ಬಂದರೆ ಬೇರು ಹಿಡಿದಿದೆ ಎಂದರ್ಥ. ಲೀಕ್‌ನ ಬೇರು ವಿರಳ, ಹೆಚ್ಚು ಕವಲೊಡೆಯದು, ಮೇಲ್ಮಣ್ಣಿನಲ್ಲೇ ಹರಡಿಕೊಳ್ಳುವಂಥದ್ದು. ಹಾಗಾಗಿ ಒಂದು ದಿನ ಕೆರೆಯಂತೆ ನೀರು ನಿಲ್ಲಿಸಿ ಮುಂದಿನ ವಾರ ಒಣಗಲು ಬಿಡುವುದಕ್ಕಿಂತ, ಬೆರಳು ತೂರಿಸಿ ನೋಡಿದಾಗ ಎರಡು ಅಂಗುಲದ ಕೆಳಗೆ ಸದಾ ತೇವವಿರುವಂತೆ ಎರಡು ಮೂರು ದಿನಕ್ಕೊಮ್ಮೆ ಹದವಾಗಿ ನೀರು ಕೊಡುವುದು ಮುಖ್ಯ. ಎಲೆಗಳು ಕಿರಿದಾಗಿರುವುದರಿಂದ ನೆಲಕ್ಕೆ ನೆರಳು ಬೀಳದೆ ಕಳೆ ಬೇಗ ಏಳುತ್ತದೆ. ಅದನ್ನು ಚಿಕ್ಕದಿರುವಾಗಲೇ ಕೈಯಿಂದ ತೆಗೆಯಬೇಕು. ಸಾಲುಗಳ ನಡುವೆ ನಾಟಿಯ ದಿನವೇ ಕೊತ್ತಂಬರಿ ಚೆಲ್ಲಿದರೆ ನಲವತ್ತು ದಿನದಲ್ಲಿ ಅದು ಅಡುಗೆಮನೆ ಸೇರುತ್ತದೆ, ಮಣ್ಣು ಏರಿಸುವ ಹೊತ್ತಿಗೆ ಜಾಗವೂ ಖಾಲಿಯಾಗುತ್ತದೆ. ನಾಟಿಯಾದ ಒಂದು ತಿಂಗಳಿಗೆ ಮತ್ತು ಎರಡು ತಿಂಗಳಿಗೆ ಗಿಡಕ್ಕೊಂದು ಹಿಡಿ ಎರೆಹುಳು ಗೊಬ್ಬರ, ನಡುವೆ ಹದಿನೈದು ದಿನಕ್ಕೊಮ್ಮೆ ಗಂಜಲದ ನೀರು ಕೊಟ್ಟರೆ ಪೋಷಣೆಗೆ ಕೊರತೆಯಾಗದು.

ಮಣ್ಣು ಏರಿಸುವುದನ್ನು ಡಿಸೆಂಬರ್ ಮೊದಲ ವಾರ, ಅಂದರೆ ಬುಡ ಹೆಬ್ಬೆರಳಿನ ದಪ್ಪಕ್ಕೆ ಬಂದ ಮೇಲೆ ಶುರುಮಾಡಿ. ಸಾಲಿನ ಎರಡೂ ಕಡೆಯಿಂದ ಕೈಗುದ್ದಲಿಯಲ್ಲಿ ಪುಡಿಮಣ್ಣನ್ನು ಎಳೆದು, ಒಮ್ಮೆಗೆ ಎರಡು ಅಂಗುಲಕ್ಕಿಂತ ಹೆಚ್ಚಿಲ್ಲದಂತೆ ಬುಡಕ್ಕೆ ಏರಿಸಿ, ಹದಿನೈದು ದಿನ ಬಿಟ್ಟು ಮತ್ತೆ ಅಷ್ಟೇ ಏರಿಸಿ. ಎಲೆಗಳು ಕವಲೊಡೆಯುವ ಸಂದಿಗಿಂತ ಮಣ್ಣು ಯಾವಾಗಲೂ ಕೆಳಗೇ ಇರಬೇಕು. ಎರಡನೆಯ ವರ್ಷ ನಾನು ಉತ್ಸಾಹದಲ್ಲಿ ಒಂದೇ ಸಲಕ್ಕೆ ಐದು ಅಂಗುಲ ಏರಿಸಿ ಆ ಸಂದಿಯನ್ನು ಮುಚ್ಚಿಬಿಟ್ಟಿದ್ದೆ. ಜನವರಿಯಲ್ಲಿ ಕಿತ್ತು ಉದ್ದಕ್ಕೆ ಸೀಳಿದಾಗ, ಬಿಳಿಯ ಪದರ ಪದರದ ನಡುವೆಯೂ ಕುಂಕುಮ ಸವರಿದಂತೆ ಕೆಂಪು ಮಣ್ಣಿನ ಗೆರೆ ಇತ್ತು. ಎಷ್ಟು ತೊಳೆದರೂ ಹಲ್ಲಿಗೆ ಮರಳು ಸಿಗುವುದು ತಪ್ಪಲಿಲ್ಲ. ಈಗ ನಾನು ಮಣ್ಣು ಏರಿಸುವ ಮೊದಲು ಹಳೆಯ ವೃತ್ತಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪ್ರತಿ ಬುಡಕ್ಕೂ ಸಡಿಲವಾಗಿ ಸುತ್ತಿ ಬಾಳೆನಾರಿನಿಂದ ಕಟ್ಟುತ್ತೇನೆ. ಮಣ್ಣು ಒಳಗೆ ಹೋಗುವುದಿಲ್ಲ, ಬೆಳಕೂ ಹೋಗುವುದಿಲ್ಲ, ಕಾಗದ ತಾನೇ ಮಣ್ಣಾಗುತ್ತದೆ. ಮಣ್ಣು ಏರಿಸಿದ ಮೇಲೆ ಒಣ ರಾಗಿ ಹುಲ್ಲನ್ನು ಹೊದಿಸಿದರೆ ತೇವ ನಿಲ್ಲುತ್ತದೆ, ನೆಲ ತಂಪಾಗಿರುತ್ತದೆ.

ಕೈತೋಟದಲ್ಲಿ ಇದಕ್ಕೆ ಬರುವ ಮುಖ್ಯ ಕೀಟ ಈರುಳ್ಳಿಗೆ ಬರುವ ಥ್ರಿಪ್ಸ್. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕದಾದ ಈ ಕೀಟ ಎಲೆಯ ಸಂದಿಯಲ್ಲಿ ಅಡಗಿ ಹಸಿರನ್ನು ಕೆರೆದು ಹೀರುವುದರಿಂದ ಎಲೆಯ ಮೇಲೆ ಬೆಳ್ಳಿಯಂತಹ ಮಚ್ಚೆಗಳು ಮೂಡುತ್ತವೆ. ಒಣ ಹವೆಯಲ್ಲಿ ಇದರ ಕಾಟ ಹೆಚ್ಚು. ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದ ಜೊತೆ ಕಲಸಿ, ಸಂಜೆ ಎಲೆಯ ಸಂದಿಗೆ ಇಳಿಯುವಂತೆ ಸಿಂಪಡಿಸಿ. ಲೀಕ್‌ನ ಎಲೆಗೆ ಮೇಣದ ಹೊದಿಕೆಯಿರುವುದರಿಂದ ಸೋಪಿಲ್ಲದ ಸಿಂಪಡಣೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿಹೋಗುತ್ತದೆ. ನವೆಂಬರಿನಲ್ಲಿ ಮೋಡ, ಜಿನುಗು ಮಳೆ ಹಿಡಿದಾಗ ಎಲೆಯ ಮೇಲೆ ನೇರಳೆ ಬಣ್ಣದ ಅಂಡಾಕಾರದ ಮಚ್ಚೆ ಬರಬಹುದು. ಅಂತಹ ಎಲೆಗಳನ್ನು ಕತ್ತರಿಸಿ ದೂರ ಹಾಕಿ, ಆಮೇಲೆ ಎಲೆಗೆ ತಾಗದಂತೆ ಬುಡಕ್ಕೆ ಮಾತ್ರ ನೀರು ಕೊಡಿ.

ತಾರಸಿಯಲ್ಲಿ ಬೆಳೆಯುವವರು ಹದಿನೈದು ಅಂಗುಲ ಆಳದ ಗ್ರೋಬ್ಯಾಗ್‌ಗೆ ಮೊದಲು ಅರ್ಧದಷ್ಟೇ ಮಣ್ಣು ತುಂಬಿ ಆರು ಸಸಿ ನೆಟ್ಟು, ಗಿಡ ಎತ್ತರವಾದಂತೆ ಮೇಲೆ ಮಣ್ಣು ತುಂಬುತ್ತಾ ಬಂದರೆ ಅದೇ ಕೆಲಸ ಆಗುತ್ತದೆ.

ಜನವರಿ ಮಧ್ಯದಿಂದ ಕೊಯ್ಲು. ಯುರೋಪಿನ ಚಿತ್ರಗಳಲ್ಲಿ ಕಾಣುವ ಮುಂಗೈ ಗಾತ್ರವನ್ನು ಇಲ್ಲಿ ನಿರೀಕ್ಷಿಸಬಾರದು. ಬುಡ ಒಂದು ಅಂಗುಲ ದಪ್ಪವಾದರೆ ನಮ್ಮ ಹವೆಗೆ ಅದು ಒಳ್ಳೆಯ ಬೆಳೆ. ಎಲ್ಲವನ್ನೂ ಒಟ್ಟಿಗೆ ಕೀಳುವ ಅಗತ್ಯವಿಲ್ಲ, ದಪ್ಪವಾದವನ್ನು ಮೊದಲು ತೆಗೆದರೆ ಉಳಿದವಕ್ಕೆ ಜಾಗವಾಗುತ್ತದೆ. ಎಲೆ ಹಿಡಿದು ಜಗ್ಗಿದರೆ ನಡುವಿಗೆ ತುಂಡಾಗುತ್ತದೆ. ಪಕ್ಕದಿಂದ ಗುದ್ದಲಿ ಇಳಿಸಿ ಮಣ್ಣು ಸಡಿಲಿಸಿ, ಬುಡಕ್ಕೆ ಕೈಹಾಕಿ ಎತ್ತಬೇಕು. ಅಡುಗೆಗೆ ಮೊದಲು ಬೇರಿನ ಕಡೆ ಎರಡು ಅಂಗುಲ ಬಿಟ್ಟು ಉದ್ದಕ್ಕೆ ಸೀಳಿ, ಎಲೆ ಕೆಳಮುಖವಾಗಿರುವಂತೆ ನಲ್ಲಿಯ ಕೆಳಗೆ ಹಿಡಿದು, ಇಸ್ಪೀಟಿನ ಎಲೆ ಬಿಡಿಸುವಂತೆ ಪದರಗಳನ್ನು ಬಿಡಿಸುತ್ತಾ ತೊಳೆದರೆ ಸಂದಿಯ ಮಣ್ಣು ಇಳಿದುಹೋಗುತ್ತದೆ. ಈರುಳ್ಳಿಯ ಘಾಟು ಇದಕ್ಕಿಲ್ಲ. ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿ ಆಲೂಗಡ್ಡೆಯೊಡನೆ ಮಾಡುವ ಸೂಪ್ ಪ್ರಸಿದ್ಧವಾದರೂ, ಸಣ್ಣಗೆ ಹೆಚ್ಚಿ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿದಾಗ ಬರುವ ಹಿತವಾದ ಸಿಹಿಯೇ ನಮ್ಮ ಮನೆಯವರಿಗೆ ಹೆಚ್ಚು ಒಗ್ಗಿದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಗಳಿಗೆ ಕೊಡುವಾಗ ಇದೂ ಅದೇ ಬಳಗದ್ದೆಂದು ಹೇಳಿಯೇ ಕೊಡಬೇಕು. ಮೇಲಿನ ದಪ್ಪ ಹಸಿರು ಎಲೆಗಳನ್ನು ಎಸೆಯದೆ ಸಾರಿನ ಕಟ್ಟಿಗೆ ಬೇಯಿಸಿ ಸೋಸಿಕೊಳ್ಳಬಹುದು. ತೊಳೆಯದೆ, ಬೇರು ಕತ್ತರಿಸಿ, ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಕೆಡುವುದಿಲ್ಲ.

ಫೆಬ್ರವರಿ ಮುಗಿಯುವುದರೊಳಗೆ ಪಾತಿ ಖಾಲಿ ಮಾಡಿ. ಶಿವರಾತ್ರಿಯ ಆಚೆಗಿನ ಬಿಸಿಲಿಗೆ ಬಿಳಿಯ ಭಾಗ ನಾರಾಗುತ್ತದೆ. ಲೀಕ್ ಎರಡು ವರ್ಷದ ಗಿಡ. ದೀರ್ಘ ಚಳಿಯನ್ನು ಕಂಡ ಮೇಲೆಯೇ ಅದು ಹೂ ಬಿಡುವುದರಿಂದ ಬಯಲುಸೀಮೆಯಲ್ಲಿ ಸ್ವಂತ ಬೀಜ ಮಾಡಿಕೊಳ್ಳುವುದು ಕಷ್ಟ, ವರ್ಷವೂ ಹೊಸ ಪೊಟ್ಟಣ ಕೊಳ್ಳಬೇಕಾಗುತ್ತದೆ. ಆದರೆ ಅಡುಗೆಮನೆಯಲ್ಲಿ ಕತ್ತರಿಸಿದ, ಬೇರು ಅಂಟಿಕೊಂಡಿರುವ ಒಂದು ಅಂಗುಲದ ಬುಡವನ್ನು ಎಸೆಯಬೇಡಿ. ನೆರಳಿರುವ ಒಂದು ಕುಂಡದಲ್ಲಿ ಊರಿ ನೀರು ಹಾಕುತ್ತಿದ್ದರೆ ಮೂರು ನಾಲ್ಕು ದಿನದಲ್ಲಿ ನಡುವಿನ ಉಂಗುರ ಮೇಲೇಳುತ್ತದೆ. ಅದು ಮತ್ತೆ ದಪ್ಪ ಲೀಕ್ ಆಗುವುದಿಲ್ಲವಾದರೂ, ಯುಗಾದಿಯವರೆಗೆ ಒಗ್ಗರಣೆಗೆ ಬೇಕಾದಷ್ಟು ಎಳೆಯ ಹಸಿರು ಎಲೆಯನ್ನು ಕೊಡುತ್ತಿರುತ್ತದೆ.